ಅಕ್ಕನಿಗಾಗಿ ಕಟ್ಟಿದ ಕಂಪ್ಯೂಟರ್

೧೪ ಜುಲೈ ೧೯೮೮, ಗುರುವಾರ

ಇವತ್ತು ಕಂಪ್ಯೂಟರ್ ಚಾಲೂ ಆಯ್ತು. ಆಗದಿದ್ದರೇ ಒಳ್ಳೆಯದಿತ್ತು.

ಲಕ್ವ ಹೊಡೆದ ಮೇಲೆ ಕುಶಲಕ್ಕನ ಬಾಯಿಂದ ಒಂದು ಮಾತೂ ಬಂದಿಲ್ಲ. ಬಲಗೈ ಏಳುವುದಿಲ್ಲ. ಎಡಗೈಗೆ ಟೈಪ್‌ರೈಟರಿನ ಕೀ ಒತ್ತುವಷ್ಟು ಶಕ್ತಿ ಇಲ್ಲ. ಅದಕ್ಕೇ ನಾನು ಎಲ್ಲಕ್ಕಿಂತ ಮೆತ್ತಗಿನ ಕೀಬೋರ್ಡ್ ಹುಡುಕಿ ತರಿಸಿದ್ದು. ಮದರ್‌ಬೋರ್ಡ್ ಬೊಂಬಾಯಿಯದ್ದು. ಮೆಮೊರಿ ಚಿಪ್ಪುಗಳನ್ನು ಬಹ್ರೈನಿನಿಂದ ಗೆಳೆಯ ತಂದುಕೊಟ್ಟ. ಅತ್ತಾವರದ ಡಾಕ್ಟರು, "ನಾಲಗೆ ಮಾತ್ರ ಅಲ್ಲ, ಭಾಷೆಯೇ ಹೋಗಿರಬಹುದು" ಅಂದಿದ್ದರು. ನಾನು ನಂಬಲಿಲ್ಲ.

ಸಂಜೆ ಕೊನೆಯ ಚಿಪ್ಪು ಕೂರಿಸುವಾಗ ಅದರ ಒಂದು ಕಾಲು ಬಗ್ಗಿತು. ಉಸಿರು ಬಿಗಿಹಿಡಿದು, ಚಿಮಟದಲ್ಲಿ ನೆಟ್ಟಗೆ ಮಾಡಿ ಒತ್ತಿದೆ. ಸ್ವಿಚ್ ಹಾಕಿದರೆ ಪರದೆಯ ಮೇಲೆ ಹಸಿರು ಅಕ್ಷರ! ಅಮ್ಮ ಕೈಮುಗಿದರು.

ಅಕ್ಕನನ್ನು ಎದುರು ಕೂರಿಸಿದೆ. ಎಷ್ಟೋ ವರ್ಷ ಟೈಪಿಸ್ಟ್ ಆಗಿದ್ದವಳು, ಎಡಗೈ ತಾನಾಗಿ ಕೀಗಳ ಮೇಲೆ ಓಡಾಡಿತು. ನೋಡುತ್ತಿದ್ದಂತೆ ಪರದೆ ತುಂಬಿತು. ಅದರಲ್ಲಿ ಒಂದು ಪದವೂ ಇರಲಿಲ್ಲ. ಇಂಗ್ಲಿಷೂ ಅಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮನೆಮಾತು ತುಳುವೂ ಅಲ್ಲ, ಬರೀ ಚೆಲ್ಲಾಪಿಲ್ಲಿ. ಮುಗಿಸಿ, ಮನಸ್ಸಿನಲ್ಲಿದ್ದದ್ದೆಲ್ಲ ಹೇಳಿದವಳ ಹಾಗೆ ನನ್ನ ಮುಖ ನೋಡಿದಳು.

"ಎಂತ ಬರ್ದಿದ್ದಾಳೆ? ಓದು ಮಾರಾಯ," ಎಂದರು ಅಮ್ಮ.

"ಕಾಫಿ ಬೇಕಂತೆ."

ಅಮ್ಮ ಖುಷಿಯಿಂದ ಅಡುಗೆಮನೆಗೆ ಓಡಿದರು. ಅಕ್ಕ ಅಲ್ಲ ಅಲ್ಲ ಎಂದು ತಲೆಯಾಡಿಸಿದಳು. ನನ್ನ ಅಂಗಿ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮತ್ತೆ ಮೊದಲಿಂದ ಒತ್ತತೊಡಗಿದಳು, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರ, ನನಗೆ ಅರ್ಥವಾಗಲಿ ಅಂತ.