ಎಡ ರೆಕ್ಕೆಯ ಅಳತೆ

ಲೇವಾರ್ಡನ್, ಶುಕ್ರವಾರ

ಡೌವೆ ಅಣ್ಣಾ,

ಕೆಟ್ಟ ಕನಸು ಬಿತ್ತು. ನೆತ್ತಿಯ ಮೇಲೆ ನನ್ನ ಮಾದರಿ ವಿಮಾನ ಲಾಗ ಹಾಕುತ್ತಿದ್ದ ಹಾಗೇ ಅದನ್ನ ಹಿಡಿದು ಸುತ್ತ ಹಾರಿಸೋ, ಕೈಯಲ್ಲಿದ್ದ ತಂತಿಗಳು ಸಡಿಲಾದವು, ಅದು ಸೀದಾ ತಲೆಯ ಕಡೆಗೇ ಬಂತು. ಎದ್ದವಳೇ ನಿನ್ನ ಕಾಗದ ಮತ್ತೆ ಓದಿದೆ.

ನಮ್ಮ ಕ್ಲಬ್ಬಿನ ಹಾರ್ಮನ್ ತನ್ನ ಹಳೇ ವಿಮಾನವನ್ನ ಎಂಜಿನ್ ಸಮೇತ ನೂರೈವತ್ತು ಯೂರೋಗೆ ಕೊಡ್ತಾನೆ ಅಂತ ಬರೆದಿದ್ದೀಯ. ನನ್ನ ಕೈಗೆಟುಕೋದು ಅದೊಂದೇ, ನಿಜ. ಆದರೆ ಅಷ್ಟು ಅಗ್ಗಕ್ಕೆ ಯಾಕೆ? ಅದು ಅಭ್ಯಾಸದಲ್ಲೇ ಬಿದ್ದು ಪುಡಿಯಾದರೆ, ಜೂನ್ ಪಂದ್ಯದ ತಂಡದಲ್ಲಿ ನನ್ನ ಜಾಗ ಸಿಗೋದು ಅವನ ಹೆಂಡತಿಗೆ.

ಎಂಜಿನ್ನಿನ ಚಿಂತೆ ಅಷ್ಟಿಲ್ಲ. ಇಂಧನಕ್ಕೆ ಬೆರೆಸೋ ಹರಳೆಣ್ಣೆ ಸುಟ್ಟು ಮೈಯೆಲ್ಲ ಕಂದುಬಣ್ಣಕ್ಕೆ ತಿರುಗಿದ್ದರೂ, ಕೈಯಲ್ಲಿ ತಿರುಗಿಸಿದಾಗ ಒಳಗಿನ ಒತ್ತಡ ಬಿಗಿಯಾಗಿತ್ತು ಅಂದೆಯಲ್ಲ, ಸಾಕು. ನನ್ನ ನಿದ್ದೆ ಕೆಡಿಸಿದ್ದು ನೀನು ಹೊಗಳಿ ಬರೆದ ಮಾತು: "ಎರಡೂ ರೆಕ್ಕೆ ತಕ್ಕಡಿ ಹಾಗೆ ಸಮ." ಸಮ ಇರಬಾರದು ಅಣ್ಣಾ. ತಂತಿಗಳು ಹೊರಬರೋದು ಎಡ ರೆಕ್ಕೆಯಿಂದ, ಅವುಗಳ ಭಾರ ಎಡಕ್ಕೇ ಬೀಳೋದರಿಂದ ಆ ರೆಕ್ಕೆಯನ್ನ ಬಲದ್ದಕ್ಕಿಂತ ಹೆಬ್ಬೆರಳಗಲ ಉದ್ದ ಇಟ್ಟೇ ಕಟ್ಟುತ್ತಾರೆ. ಸಮ ಅಂದರೆ ಎಡದ್ದು ಯಾವಾಗಲೋ ಮುರಿದಿದೆ, ತುದಿ ಕತ್ತರಿಸಿ ಅಂಟಿಸಿದ್ದಾನೆ.

"ನನ್ನ ಕೈಲಿ ಒಂದ್ಸಲವೂ ಬಿದ್ದಿಲ್ಲ, ನಿನ್ನ ತಂಗಿ ಬೀಳಿಸದಿದ್ರೆ ಆಯ್ತು" ಅಂದನಂತೆ ಹಾರ್ಮನ್. ನನ್ನಂಥ ಶಾಲೆ ಅರ್ಧಕ್ಕೆ ಬಿಟ್ಟವಳಿಗೆ ಏನು ತಿಳಿದೀತು ಅಂದುಕೊಂಡಿರಬೇಕು.

ಬೇಜಾರು ಮಾಡ್ಕೋಬೇಡ, ನೀನೇ ಅಳೆದೆಯಾ, ಇಲ್ಲಾ ಅವನ ಕಾಫಿ ಕುಡೀತಾ ಅವನು ಹೇಳಿದ್ದನ್ನೇ ಬರೆದೆಯಾ? ದುಡ್ಡು ಕೊಡೋ ಮುಂಚೆ ಎಡ ರೆಕ್ಕೆಯನ್ನ ಬುಡದಿಂದ ತುದಿವರೆಗೆ ಇನ್ನೊಂದ್ಸಲ ಅಳೆ, ಬಲದ್ದರ ಜೊತೆ ಹೋಲಿಸು. ಟೇಪು ನಿನ್ನದೇ ಇರಲಿ.

ನಿನ್ನ ತಂಗಿ,
ಬಾಕ್ಯೆ