ಹಿಡಿಯದ ಕೈ

ಗೋಕಾಕ
7 ಫೆಬ್ರುವರಿ 2025

ಗೆಳೆಯ ದುರ್ಗಪ್ಪನಿಗೆ,

ನಿನ್ನ ಮಗ ಶುಭಮ್ ಬುಧವಾರದಿಂದ ನನ್ನ ಇಂಗ್ಲಿಷ್ ತರಗತಿಗೆ ಬರುತ್ತಿಲ್ಲ. ಇನ್ನು ಬರುವುದಿಲ್ಲ ಎಂದು ಅವನ ಜೊತೆಗಾರ ಅಜಿತ ನಿನ್ನೆ ಹೇಳಿದ. ನಾನು ನಿವೃತ್ತನಾಗಿ ಎರಡು ವರ್ಷವಾದರೂ ನಿನಗೊಂದು ಪತ್ರ ಬರೆಯದ ತಪ್ಪು ನನ್ನದು. ಫೋನು ಎರಡು ಸಲ ಎತ್ತಿಕೊಂಡು ಕೆಳಗಿಟ್ಟೆ.

ಎಲ್ಲರೂ ಕ್ಷೇಮ. ಸಂಜೆ ಎರಡು ತಾಸು ನಿಂತು ಪಾಠ ಮಾಡಿದರೆ ನನ್ನ ಕಾಲುಗಳು ಊದಿಕೊಳ್ಳುತ್ತವೆ, ಅಷ್ಟೆ.

ಮಂಗಳವಾರ ನಡೆದದ್ದು ಇದು. ಗೆಳೆಯರು ಕೈಕುಲುಕುವಾಗ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ಅಂದಿನ ಪಾಠ. ‘ಪುಟ್ ಇಟ್ ದೇರ್’ ಎಂದು ಕೈ ಚಾಚುತ್ತಾರೆ, ‘ಗಿವ್ ಮಿ ಫೈವ್’ ಎಂದರೆ ಅಂಗೈಗೆ ಅಂಗೈ ಬಡಿಯುತ್ತಾರೆ, ಮಾತು ಪಕ್ಕಾ ಆದರೆ ‘ಲೆಟ್ಸ್ ಶೇಕ್ ಆನ್ ಇಟ್’ ಎಂದು ಹಲಗೆಯ ಮೇಲೆ ಬರೆದೆ. ಒಬ್ಬೊಬ್ಬರೇ ಬಂದು ಹೇಳಿರಿ ಎಂದೆ. ಮೊದಲು ಎದ್ದವನು ಶುಭಮ್.

“ಪುಟ್ ಇಟ್ ದೇರ್, ಸರ್!” ಎಂದು ಕೈ ಚಾಚಿದ.

ನಾನು ಎರಡೂ ಕೈ ಜೋಡಿಸಿ “ಶರಣು” ಎಂದೆ.

“ಸರ್, ಇದು ಇಂಗ್ಲಿಷ್ ಕ್ಲಾಸ್ ಐತ್ರಿ, ಮಠ ಅಲ್ರಿ!” ಎಂದು ಅಜಿತ ಕೂಗಿದ. ಎಲ್ಲರೂ ನಕ್ಕರು. ಶುಭಮ್ ಕೂಡ ನಕ್ಕ. ಆಮೇಲೆ ಅಜಿತ ಬಂದು ಕೈ ಚಾಚಿದಾಗ ಅದನ್ನು ಹಿಡಿದು ಕುಲುಕಿದೆ. ಶುಭಮ್ ನಗು ನಿಲ್ಲಿಸಿದ. ತರಗತಿ ಮುಗಿದ ಮೇಲೆ ಬಾಗಿಲ ಬಳಿ, “ನಮ್ಮಪ್ಪ ಹೇಳಿದ್ದು ಖರೇನ ಐತಿ ಬಿಡ್ರಿ, ಸರ್,” ಎಂದು ಹೋದ.

ಮನೆಯಲ್ಲಿ ಹೆಂಡತಿ ದಾನೇಶ್ವರಿಗೆ ಹೇಳಿದೆ. “ಅಭ್ಯಾಸ ಅಂತ ನನಗ ಹೇಳಬ್ಯಾಡ್ರಿ. ಆ ಅಜಿತನ ಕೈ ಹೆಂಗ ಹಿಡದ್ರಿ?” ಎಂದಳು.

ಶುಭಮ್‌ನ ಕೆಲಸದ ಸಂದರ್ಶನ ಹದಿನೆಂಟಕ್ಕೆ. ಹುಡುಗ ಚೆನ್ನಾಗಿ ಮಾತಾಡುತ್ತಾನೆ, ನನ್ನಿಂದಾಗಿ ಹಿಂಜರಿಯಬಾರದು. ಅವನಿಗೆ ಒಳ್ಳೆಯದಾಗಲಿ. ಮನೆಯವರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನ
ಕಾಶಿನಾಥ

ತಾ.ಕ.: ಶುಭಮ್‌ಗೆ ನೀನು ಹೇಳಿದ್ದೇನೆಂದು ನನಗೆ ಗೊತ್ತು. ಮೂಡಲಗಿಯ ಶಾಲೆಯಲ್ಲಿ ನೀನು ಮುಖ್ಯಾಧ್ಯಾಪಕನಾದ ದಿನ ನನ್ನತ್ತ ಕೈ ಚಾಚಿದ್ದೆ. ಅಂದೂ ನಾನು ಕೈ ಜೋಡಿಸಿದೆ. “ಗೌರವ ಭಾಳ ಆತಲೋ, ಕಾಶಿನಾಥ,” ಎಂದು ನೀನು ಕೈ ಕಿಸೆಗೆ ಹಾಕಿಕೊಂಡೆ. ಅಂದು ಆ ಕೋಣೆಯಲ್ಲಿ ಉಳಿದವರೆಲ್ಲರ ಕೈಯನ್ನು ನಾನು ಕುಲುಕಿದ್ದೆ. ಅದು ಅಭ್ಯಾಸವಲ್ಲ, ಜಾತಿ. ಹದಿನಾರು ವರ್ಷ ಒಂದೇ ಬಸ್ಸಿನಲ್ಲಿ ಆ ಶಾಲೆಗೆ ಓಡಾಡಿದೆವು. ನಿನ್ನ ಕೈ ಒಮ್ಮೆಯೂ ಹಿಡಿಯಲಿಲ್ಲ.

ಹದಿನಾರನೇ ತಾರೀಖು, ರವಿವಾರ, ಬೆಳಿಗ್ಗೆ ಹತ್ತರ ಬಸ್ಸಿಗೆ ಘೋಡಗೇರಿಗೆ, ನಿಮ್ಮ ಮನೆಗೆ ಬರುತ್ತೇನೆ.