ದೊಡ್ಡಮ್ಮನ ಮುಖ

ಮನೆಯಿಂದ,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ತಂಗೀ,

ಹೇಗಿದ್ದೀಯ? ಔಷಧಿ ಏರಿಸಿದ ಮೇಲೆ ಬರುವ ವಾಕರಿಕೆ ಈ ಸಲ ಕಡಿಮೆಯೇ? ಎರಡು ತುತ್ತಾದರೂ ಸೇರುತ್ತಿದೆಯೇ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಚಿನಕುರುಳಿ ಮಗಳ ಮುಂದಿನ ಹಲ್ಲು ಬಿದ್ದಿದೆ. ಬಾಯಿ ಮಾತ್ರ ಮೊದಲಿನಂತೆಯೇ.

ಇವತ್ತು ಚಿತ್ರಕಲೆಯ ಮ್ಯೂಸಿಯಂನಲ್ಲಿ ಮನೆಮಂದಿಗೆಲ್ಲ ಉಚಿತ ಪ್ರವೇಶ, ಮಕ್ಕಳ ಜೊತೆ ಕೂತು ಚಿತ್ರ ಬಿಡಿಸುವ ದಿನ. ಕರೆದುಕೊಂಡು ಹೋಗಿದ್ದೆ. ಅಷ್ಟು ದೊಡ್ಡ ಚಿತ್ರಗಳಿದ್ದರೂ ಇವಳು ನಿಂತದ್ದು ಒಂದು ಹಣ್ಣಿನ ಬುಟ್ಟಿಯ ಚಿತ್ರದ ಮುಂದೆ. "ಇದ್ರಲ್ಲಿ ಒಂದು ಕೊಳೆತಿದೆ ದೊಡ್ಡಮ್ಮ, ಯಾರೂ ನೋಡಿಲ್ವಾ?" ಎಂದು ಕಾವಲಿನವರನ್ನೂ ನಗಿಸಿದಳು. ಆಮೇಲೆ ಕೆಳಗಿನ ಕೋಣೆಯಲ್ಲಿ ಉದ್ದನೆಯ ಮೇಜಿಗೆ ಎದುರುಬದುರು ಕೂತು ಒಬ್ಬರ ಮುಖ ಇನ್ನೊಬ್ಬರು ಬಿಡಿಸಬೇಕು. ಹೇಳಿಕೊಡುವ ಹೆಂಗಸು ನಮ್ಮನ್ನು ನೋಡಿ, "ಅಮ್ಮ ಮಗಳ ಮೂಗು ಒಂದೇ ಅಚ್ಚು" ಎಂದರು. ಅದು ನಮ್ಮಪ್ಪನ ಮೂಗು, ಇವಳ ಅಮ್ಮನಿಗೂ ಅದೇ ಇದೆ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ದೊಡ್ಡಮ್ಮ ಅನ್ನುವುದರಲ್ಲೂ ಅಮ್ಮ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಇವಳು ಬಿಡಿಸಿದ ನನ್ನ ಮುಖದ ಕೆಳಗೆ 'ನನ್ನ ಅಮ್ಮ' ಎಂದು ಚೀಟಿ ಹಚ್ಚಿ ಗೋಡೆಗೆ ಅಂಟಿಸಿದರು. ಇವಳು ಒಮ್ಮೆ ನನ್ನತ್ತ ನೋಡಿ ಬಣ್ಣದ ಕಡ್ಡಿಗಳನ್ನು ಡಬ್ಬಿಗೆ ತುಂಬತೊಡಗಿದಳು. ನನಗೆ ಹಿಗ್ಗಾಯಿತು ಕಣೇ. ನೀನು ಅಲ್ಲಿ ಹಾಸಿಗೆ ಹಿಡಿದಿರುವಾಗ ನಾನಿಲ್ಲಿ ಹಿಗ್ಗಿದೆ.

ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಇವರು ನನ್ನ ಅಮ್ಮ ಅಲ್ಲ ಅಂತ ಆ ಆಂಟಿಗೆ ನಾನು ಹೇಳ್ಲಿಲ್ಲ ದೊಡ್ಡಮ್ಮ. ನಿಂಗೆ ಬೇಜಾರಾಗುತ್ತೆ ಅಂತ. ಅಮ್ಮಂಗೆ ಹೇಳ್ಬೇಡ, ಆಯ್ತಾ?" ಏಳು ವರ್ಷದ ಮಗು ನನ್ನ ಮಾನ ಉಳಿಸಲು ನನ್ನ ಸುಳ್ಳನ್ನು ತಾನು ಹೊತ್ತುಕೊಂಡು ಬಂದಿತ್ತು. ಕಿಟಕಿಯ ಕಡೆ ತಿರುಗಿಕೊಂಡೆ. ನಮ್ಮ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ. ಅವಳಿಗೆ ಹೂಂ ಅಂದೂ ನಿನಗೆ ಬರೆಯುತ್ತಿದ್ದೇನೆ, ಗೊತ್ತಿಲ್ಲದವಳಂತೆ ಇರು.

ವೇಳೆಗೆ ಸರಿಯಾಗಿ ಊಟ ಮಾಡು. ನಿನ್ನ ಹಟಮಾರಿತನ ಈಗಲಾದರೂ ನಿನ್ನ ಉಪಯೋಗಕ್ಕೆ ಬರಲಿ.

ನಿನ್ನ ಅಕ್ಕ

ಮರೆತೆ: ಬರುವ ಶನಿವಾರ ಇವಳನ್ನು ಆಸ್ಪತ್ರೆಗೆ ಕರೆತರುತ್ತೇನೆ. ಕೂದಲು ಉದುರಿದ ತಲೆಯನ್ನು ಮಗು ನೋಡಬಾರದು ಎಂದು ನೀನು ಹೇಳಿದಾಗ ಮರುಮಾತಿಲ್ಲದೆ ಒಪ್ಪಿದೆನಲ್ಲ, ಅದು ನಿನಗೋಸ್ಕರ ಅಂದುಕೊಂಡಿದ್ದೀಯ. ಅಲ್ಲ. ನನಗೋಸ್ಕರ. ಬೇಡ ಎಂದು ಬರೆಯಬೇಡ. ಬೈಯುವುದಿದ್ದರೆ ಅವಳು ನಿನ್ನ ಮಡಿಲಲ್ಲಿ ಕೂತ ಮೇಲೆ ಬೈದುಬಿಡು.